ಎಂಥ ಚಂದದ ಬಸ್ಸು ಮಾರಾಟ

ನನಗೆ ಬಸ್ಸಿನ ಫೋಟೋ ತೆಗೆಯುವ ಹುಚ್ಚು. ಇದನ್ನು ಕೇಳಿದವರೆಲ್ಲ ಮೊದಲು ನನ್ನ ಮುಖ ನೋಡ್ತಾರೆ, ಮತ್ತೆ ನನ್ನ ಗಂಡನ ಮುಖ ನೋಡ್ತಾರೆ, ಇವಳಿಗೆ ಎಲ್ಲಿಯಾದರೂ ತೋರಿಸಿದ್ದೀರಾ ಎನ್ನುವ ಹಾಗೆ. ಹೂವಿನ ಫೋಟೋ ತೆಗೆದರೆ ಯಾರೂ ಏನೂ ಹೇಳುವುದಿಲ್ಲ. ಹಕ್ಕಿಯ ಫೋಟೋ ತೆಗೆದರೆ ದೊಡ್ಡ ಜನ ಅಂತ ಕುರ್ಚಿ ಕೊಡ್ತಾರೆ. ಐವತ್ತು ದಾಟಿದ ಹೆಂಗಸು ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಮೊಣಕಾಲೂರಿ ಬಸ್ಸಿನ ಮೂತಿಗೆ ಕ್ಯಾಮೆರಾ ಹಿಡಿದರೆ ಮಾತ್ರ ಕಬ್ಬಿನ ಹಾಲು ಕುಡಿಯುವವರೂ ಗ್ಲಾಸು ಕೆಳಗಿಟ್ಟು ನೋಡ್ತಾರೆ. ನೋಡಲಿ, ನನಗೇನು ನಷ್ಟ? ನಿಂತ ಬಸ್ಸಿನಷ್ಟು ಶಿಸ್ತಿನಿಂದ ಫೋಟೋಕ್ಕೆ ಪೋಸು ಕೊಡುವವರು ನನ್ನ ಸಂಬಂಧಿಕರಲ್ಲಿ ಯಾರೂ ಇಲ್ಲ.

ನನ್ನ ಮನೆ ವೇಣೂರಿನ ಹತ್ತಿರ. ಕೆಲಸ ಮೂಡುಬಿದಿರೆಯ ಒಂದು ಸಣ್ಣ ಲ್ಯಾಬಿನಲ್ಲಿ, ಜನರ ಬೆರಳಿಗೆ ಸೂಜಿ ಚುಚ್ಚುವುದು. ಹೋಗುವುದು ಬರುವುದು ಒಂದೇ ಬಸ್ಸಿನಲ್ಲಿ. ನಾರಾವಿಯಿಂದ ಹೊರಟು ವೇಣೂರಿನ ಮೇಲೆ ಬರುವ ನೀಲಿ ಬಸ್ಸು. ಅದರ ಧಣಿಯೇ ಅದರ ಡ್ರೈವರು. ಹಿಂದೆ ಅವರಿಗೆ ಒಂದಕ್ಕಿಂತ ಹೆಚ್ಚು ಬಸ್ಸುಗಳಿದ್ದವು. ಒಂದೊಂದೇ ಹೋಗಿ, ಡ್ರೈವರುಗಳೂ ಒಬ್ಬೊಬ್ಬರೇ ಗಲ್ಫಿಗೆ ಹೋಗಿ, ಕೊನೆಗೆ ಉಳಿದದ್ದು ಇದೊಂದು ಬಸ್ಸು, ಮತ್ತು ಇವರು. ಮದುವೆ ಆಗಿಲ್ಲ. "ನಿಮಗೆ ಮಕ್ಕಳೆಷ್ಟು" ಎಂದು ಯಾರಾದರೂ ಹೊಸಬರು ಕೇಳಿದರೆ ಸ್ಟೇರಿಂಗಿಗೆ ಒಂದು ಪೆಟ್ಟು ಕೊಟ್ಟು, "ಇದೊಂದು, ಅದೂ ಹೇಳಿದ ಮಾತು ಕೇಳುವುದಿಲ್ಲ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಧಣಿ ಜೈನರು. ಹೊತ್ತು ಮುಳುಗುವ ಮೊದಲು ಅವರ ಊಟ ಆಗಿಬಿಡಬೇಕು. ಆದ್ದರಿಂದ ಸಂಜೆಯ ಟ್ರಿಪ್ಪಿನ ವೇಗವನ್ನು ನಿಗದಿ ಮಾಡುತ್ತಿದ್ದದ್ದು ಆರ್‌ಟಿಓ ಅಲ್ಲ, ಸೂರ್ಯ. ಏಪ್ರಿಲಿನಲ್ಲಿ ಬಸ್ಸು ಮದುಮಗಳ ಹಾಗೆ ಹೋಗುತ್ತಿತ್ತು. ಡಿಸೆಂಬರ್ ಬಂದರೆ ವಿಮಾನ. ಆಗ ನಾವು ಕಂಬಿ ಹಿಡಿದು, ಕಣ್ಣು ಮುಚ್ಚಿ, ಅವರ ಮನೆಯಲ್ಲಿ ಇವತ್ತು ಅಡಿಗೆ ಬೇಗ ಆಗಿರಲಿ ಎಂದು ಹಾರೈಸುತ್ತಿದ್ದೆವು. ಮಳೆಗಾಲದಲ್ಲಿ ಸೂರ್ಯ ಕಾಣದ ಕಾರಣ ಅವರಿಗೆ ಅಂದಾಜು ಸಿಗದೆ ಇಡೀ ದಾರಿ ಒಮ್ಮೆ ಜೋರು, ಒಮ್ಮೆ ಮೆಲ್ಲ. ಬಸ್ಸಿನ ಹಿಂದೆ ದೊಡ್ಡ ಅಕ್ಷರದಲ್ಲಿ, 'ಅತಿವೇಗ ಕಂಡುಬಂದಲ್ಲಿ ಈ ನಂಬರಿಗೆ ತಿಳಿಸಿ' ಎಂದು ಬರೆಸಿದ್ದರು. ನಂಬರು ಅವರದ್ದೇ. ಯಾರಾದರೂ ದೂರು ಕೊಡಲು ಫೋನು ಮಾಡಿದರೆ ಅವರು ಬಸ್ಸನ್ನು ಬದಿಗೆ ನಿಲ್ಲಿಸಿ, ಸಮಾಧಾನದಿಂದ ಕೇಳಿ, "ಡ್ರೈವರಿಗೆ ಹೇಳ್ತೇನೆ" ಎಂದು ಇಟ್ಟು, ತಡವಾದದ್ದನ್ನು ಸರಿಮಾಡಲು ಇನ್ನೂ ಜೋರಾಗಿ ಬಿಡುತ್ತಿದ್ದರು.

ಇಂಥ ಬಸ್ಸಿನ ಫೋಟೋ ತೆಗೆಯದೆ ಇರುವುದು ಹೇಗೆ?

ಫೋಟೋ ತೆಗೆದರೆ ಸಾಲದು, ನಾಲ್ಕು ಜನ ನೋಡಬೇಕು. ಹಾಗಾಗಿ ನಾನೇ ಒಂದು ವೆಬ್‌ಸೈಟ್ ಮಾಡಿದೆ. ವಿಡಿಯೋ ನೋಡಿ ನೋಡಿ ಕಲಿತದ್ದು, ಯಾರ ಕಾಲನ್ನೂ ಹಿಡಿಯಲಿಲ್ಲ. ಪುಕ್ಕಟೆ ಸಿಗುವ ನಮೂನೆಗಳಲ್ಲಿ ಬಣ್ಣ ಚಂದ ಇದ್ದ ಒಂದನ್ನು ಆರಿಸಿದೆ. ಅದು ಸೀರೆ ಅಂಗಡಿಯವರಿಗಾಗಿ ಮಾಡಿದ್ದಂತೆ, ನನಗೆ ಗೊತ್ತಾದದ್ದು ಮತ್ತೆ. ಪ್ರತಿ ಫೋಟೋದ ಕೆಳಗೆ ಒಂದು ಸಣ್ಣ ತಳ್ಳುಗಾಡಿಯ ಚಿತ್ರ ತಾನಾಗಿಯೇ ಬರುತ್ತಿತ್ತು. ತೆಗೆಯಲು ನೋಡಿದೆ, ಹೋಗಲಿಲ್ಲ. ಚಕ್ರ ಉಂಟಲ್ಲ, ಬಸ್ಸಿನ ವಿಷಯಕ್ಕೆ ಹೊಂದುತ್ತದೆ ಎಂದು ಬಿಟ್ಟೆ. ಗಂಡನಿಗೆ ತೋರಿಸಿದಾಗ ಅವರೂ "ಗಾಡಿ ಚಂದ ಉಂಟು" ಎಂದರು. ಅವರು ಬ್ಯಾಂಕಿನಲ್ಲಿ ಇದ್ದವರು, ಅವರಿಗಾದರೂ ಹೊಳೆಯಬೇಕಿತ್ತು.

ಇನ್ನು ಫೋಟೋದ ಕೆಳಗೆ ನಾಲ್ಕು ಮಾತು ಬರೆಯುವುದು. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದೆಂದರೆ ನನಗೆ ಮಂಡೆ ಬಿಸಿ. ಒಂದು ಒತ್ತಕ್ಷರ ಹಾಕುವಷ್ಟರಲ್ಲಿ ಬಸ್ಸು ಬೆಳ್ತಂಗಡಿ ಮುಟ್ಟಿರ್ತದೆ. ಅದಕ್ಕೆ ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುವ ಉಪಾಯ ಹಿಡಿದೆ. ಸಂಜೆ ಬಸ್ಸಿನಲ್ಲಿ ಕೂತು, ಫೋನನ್ನು ರೊಟ್ಟಿಯ ಹಾಗೆ ಬಾಯಿಯ ಎದುರು ಹಿಡಿದು ಹೇಳುವುದು, ಕಳಿಸುವುದು. ಕುಲುಕುವ ಬಸ್ಸಿನಲ್ಲಿ ಓದಿ ನೋಡಲು ಯಾರಿಗೆ ಆಗ್ತದೆ? ನಾನು ಹೇಳಿದ್ದನ್ನೇ ಬರೆದಿರುತ್ತದೆ, ಮತ್ತೆ ನೋಡುವುದು ಎಂತಕ್ಕೆ ಎಂದು ನನ್ನ ಲೆಕ್ಕ.

ಈಗ ನನ್ನ ಮಾತಿನ ವಿಷಯ ಹೇಳಬೇಕು. 'ಮಾರಾಯ' ಇಲ್ಲದೆ ನನ್ನ ಮಾತು ಮುಗಿಯುವುದಿಲ್ಲ. ಎದುರಿಗೆ ಗಂಡಸಿದ್ದರೂ ಅಷ್ಟೇ, ಹೆಂಗಸಿದ್ದರೂ ಅಷ್ಟೇ, ಬಾಗಿಲಿಗೆ ಬಂದ ಬೆಕ್ಕಿಗೂ ಅಷ್ಟೇ. ಅದರ ಮೂಲ ಮಹಾರಾಯ ಎಂದು ಪುಸ್ತಕದಲ್ಲಿ ಇರಬಹುದು. ನಮ್ಮಲ್ಲಿ ಅದು ಉಸಿರು ಬಿಡುವ ಜಾಗ. ಆದರೆ ಫೋನಿನ ಒಳಗೆ ಕೂತು ಬರೆದುಕೊಳ್ಳುವವಳು ಘಟ್ಟದ ಮೇಲಿನವಳು ಇರಬೇಕು. ಅವಳಿಗೆ ಮಾರಾಯ ಗೊತ್ತಿಲ್ಲ, ಮಾರಾಟ ಗೊತ್ತುಂಟು.

ನೀಲಿ ಬಸ್ಸಿನ ಫೋಟೋ ನಾನು ತೆಗೆದವುಗಳಲ್ಲೆಲ್ಲ ಒಳ್ಳೆಯದು. ಬೆಳಗ್ಗಿನ ಬಿಸಿಲು ಹಿಂದಿನ ಗಾಜಿನ ಮೇಲೆ ಬಿದ್ದಿತ್ತು. ಹಿಂದಿನಿಂದ ತೆಗೆದದ್ದು. ಮನೆಗೆ ಬಂದು ಸಾಫ್ಟ್‌ವೇರಿನಲ್ಲಿ ಕೂತು ಅಕ್ಷರಗಳನ್ನೆಲ್ಲ ಉಜ್ಜಿ ಉಜ್ಜಿ ಎಷ್ಟು ಸ್ಪಷ್ಟ ಮಾಡಿದೆ ಎಂದರೆ, ಆ ದೂರಿನ ಫೋನ್ ನಂಬರನ್ನು ಕನ್ನಡಕ ಇಲ್ಲದೆ ಓದಬಹುದಿತ್ತು. ಅದೇ ನನಗೆ ಜಂಬ. ಕೆಳಗೆ ಹೇಳಿದೆ: "ಎಂಥ ಚಂದದ ಬಸ್ಸು ಮಾರಾಯ! ಇಷ್ಟು ವರ್ಷ ಆದರೂ ಗಟ್ಟಿ ಉಂಟು ಮಾರಾಯ!" ಕಳಿಸಿದೆ.

ಮರುದಿನದಿಂದ ಜನ ನೋಡಲು ಸುರು ಮಾಡಿದರು. ಅಲ್ಲಿಯವರೆಗೆ ನನ್ನ ವೆಬ್‌ಸೈಟ್ ನೋಡುತ್ತಿದ್ದದ್ದು ನಾನು, ಗಂಡ, ಮತ್ತು ಯಾರೋ ಒಬ್ಬ ಬಸ್ಸಿನ ಹುಚ್ಚ. ಈಗ ಸಾಲು ಸಾಲು. ಬಂಟ್ವಾಳದಿಂದ, ವಿಟ್ಲದಿಂದ, ಕಾಸರಗೋಡಿನ ಕಡೆಯಿಂದಲೂ. ಕೆಲವರು ಬರೆದೂ ಬರೆದರು: "ಅಣ್ಣಾ, ರೇಟ್ ಎಷ್ಟು?" ಬಸ್ಸಿನ ಫೋಟೋ ಹಾಕುವವರು ಗಂಡಸರೇ ಎಂದು ಇವರಿಗೆ ಗ್ಯಾರಂಟಿ. ಅಣ್ಣ ಎಂದದ್ದಕ್ಕೆ ಸಿಟ್ಟು ಬಂತು, ಆದರೆ ಫೋಟೋಕ್ಕೆ ಮಾರ್ಕು ಕೇಳುತ್ತಿದ್ದಾರಲ್ಲ ಎಂದು ಖುಷಿಯೂ ಆಯಿತು. "ಹತ್ತಕ್ಕೆ ಹತ್ತು" ಎಂದು ಉತ್ತರ ಕೊಟ್ಟೆ. ಒಬ್ಬ, "ಫೈನಲ್ ಹೇಳಿ ಅಣ್ಣಾ" ಎಂದ. "ಹತ್ತಕ್ಕೆ ಹತ್ತೇ, ಫೈನಲ್" ಎಂದೆ. ಇನ್ನೊಬ್ಬ, "ಹತ್ತು ಜಾಸ್ತಿಯಾಯ್ತು, ಬಾಡಿಯಲ್ಲಿ ತುಕ್ಕು ಕಾಣ್ತದೆ" ಎಂದು ಬರೆದ. ನನಗೆ ಉರಿದುಹೋಯಿತು. ನನ್ನ ಫೋಟೋದಲ್ಲಿ ತಪ್ಪು ಹುಡುಕುವ ಇವನ್ಯಾರು? "ತುಕ್ಕೇ ಅದರ ಚಂದ. ಬೇಕಾದರೆ ನೋಡು, ಇಲ್ಲದಿದ್ದರೆ ಬಿಡು" ಎಂದು ಜಾಡಿಸಿದೆ. ಆ ವಾರ ಮನೆಯಲ್ಲಿ ಪಾಯಸ ಮಾಡಿದೆ. ಕಲೆಗೆ ಕೊನೆಗೂ ಬೆಲೆ ಬಂತು ಎಂದು ಗಂಡನಿಗೆ ಹೇಳಿದ ನೆನಪು.

ಅದೇ ವಾರ ಬಸ್ಸು ದಾರಿಯಲ್ಲಿ ನಿಲ್ಲಲು ಸುರುವಾಯಿತು. ಕೆಟ್ಟು ಅಲ್ಲ. ಧಣಿಗೆ ಫೋನು ಬರುತ್ತಿತ್ತು, ಅವರು ಬದಿಗೆ ನಿಲ್ಲಿಸುತ್ತಿದ್ದರು, "ಅಲ್ಲ", "ಇಲ್ಲ", "ನಿಮಗೆ ಯಾರು ಹೇಳಿದ್ದು" ಎಂದು ಬೊಬ್ಬೆ ಹೊಡೆದು ಇಡುತ್ತಿದ್ದರು. ನಾವೆಲ್ಲ ವೇಗದ ದೂರುಗಳೇ ಜಾಸ್ತಿಯಾದವು ಎಂದುಕೊಂಡೆವು. ನಾನು ಮಾತ್ರ, ಪಾಪ ಇಂಥ ಒಳ್ಳೆಯ ಬಸ್ಸಿನ ಮೇಲೆ ದೂರು ಕೊಡುವವರಿಗೆ ಮನೆಯಲ್ಲಿ ಕೆಲಸ ಇಲ್ಲವಾ ಎಂದು ಗಟ್ಟಿಯಾಗಿಯೇ ಹೇಳಿದೆ.

ಒಂದು ಬೆಳಗ್ಗೆ ವೇಣೂರಿನ ಸ್ಟಾಪಿನಲ್ಲಿ ಬಂಟ್ವಾಳದ ಒಬ್ಬ ಗುಜರಿ ವ್ಯಾಪಾರಿ ನಿಂತಿದ್ದ. ಬಸ್ಸು ನಿಂತದ್ದೇ ಕಿಸೆಯಿಂದ ಒಂದು ಅಯಸ್ಕಾಂತ ತೆಗೆದು ಬಸ್ಸಿನ ಮೈಮೇಲೆಲ್ಲ ಮೆಲ್ಲ ಮೆಲ್ಲ ಅಂಟಿಸುತ್ತಾ ಹೋದ, ನಾವು ಲ್ಯಾಬಿನಲ್ಲಿ ಎದೆಗೆ ಇಸಿಜಿ ಹಚ್ಚುವ ಹಾಗೆ. ಕಂಡಕ್ಟರು ರೈಟ್ ಹೇಳಲು ಬಾಯಿ ತೆರೆದವನು ಹಾಗೆಯೇ ನಿಂತ. ವ್ಯಾಪಾರಿ ಒಂದು ಸುತ್ತು ಮುಗಿಸಿ ಡ್ರೈವರ್ ಕಿಟಕಿಗೆ ಬಂದು, "ಕಬ್ಬಿಣ ಒಳ್ಳೆಯದುಂಟು. ತೂಕದ ಮೇಲೆ ಮಾತಾಡುವ" ಎಂದ.

ಧಣಿ ಎಂಜಿನ್ ಆಫ್ ಮಾಡಿದರು. "ಯಾರು ಹೇಳಿದ್ದು ಮಾರಲಿಕ್ಕುಂಟು ಅಂತ?" ವ್ಯಾಪಾರಿ ಫೋನು ತೆಗೆದು ತೋರಿಸಿದ. ನನ್ನ ಬಿಸಿಲು, ನನ್ನ ಗಾಜು, ನಾನು ಉಜ್ಜಿದ ನಂಬರು. ಅದರ ಕೆಳಗೆ: 'ಎಂಥ ಚಂದದ ಬಸ್ಸು ಮಾರಾಟ. ಇಷ್ಟು ವರ್ಷ ಆದರೂ ಗಟ್ಟಿ ಉಂಟು ಮಾರಾಟ.'

ನಾವೆಲ್ಲ ಮಾತಾಡುವುದು ತುಳು. ಇಲ್ಲಿ ಬರೆಯುವಾಗ ಕನ್ನಡ ಮಾಡಿದ್ದೇನೆ. ಆದರೆ ಧಣಿಗೆ ಸಿಟ್ಟು ತಲೆಗೇರಿದರೆ ಅವರೇ ಕನ್ನಡಕ್ಕೆ ಬರ್ತಾರೆ, ಅದೂ ಶಾಲೆಯ ಪಾಠದ ಕನ್ನಡ. ಬಸ್ಸಿನ ಫೋಟೋ ತೆಗೆಯುವ ಹುಚ್ಚು ಈ ದಾರಿಯಲ್ಲಿ ನನಗೊಬ್ಬಳಿಗೇ ಎಂದು ಅವರಿಗೆ ಗೊತ್ತು. ಸೀಟಿನಿಂದ ಎದ್ದು, ನನ್ನ ಕಡೆ ತಿರುಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು: "ಅಮ್ಮಾ, ನನ್ನ ವಾಹನವನ್ನು ಮಾರಾಟ ಮಾಡುವ ಅಧಿಕಾರವನ್ನು ತಮಗೆ ನೀಡಿದವರು ಯಾರು?"

ಇಡೀ ಬಸ್ಸು ನನ್ನನ್ನು ನೋಡಿತು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. "ನಾನು ಮಾರಾಯ ಅಂತ ಹೇಳಿದ್ದು ಮಾರಾಯ್ರೆ!" ಎಂದೆ. ಇದರಿಂದ ಯಾರಿಗೂ ಏನೂ ಅರ್ಥವಾಗಲಿಲ್ಲ. ನನ್ನ ವೆಬ್‌ಸೈಟನ್ನು ಮೊದಲ ಸಲ ಮೇಲಿಂದ ಕೆಳಗೆ ಓದಿದೆ. ಅಯ್ಯೋ ನನ್ನ ಕರ್ಮ! ಮೂಡುಬಿದಿರೆ ಸ್ಟ್ಯಾಂಡಿನ ಫೋಟೋದ ಕೆಳಗೆ, 'ಎಂಥ ಮಳೆ ಮಾರಾಟ.' ಬೆಳ್ತಂಗಡಿಯ ಪೇಟೆಯ ಕೆಳಗೆ, 'ರಸ್ತೆ ಎಷ್ಟು ಸಪೂರ ಉಂಟು ಮಾರಾಟ.' ಬಸ್ಸಿಗೆ ಕಾಯುವ ಗಂಡನ ಫೋಟೋ ಒಂದನ್ನು ಹಾಕಿದ್ದೆ, ಅದರ ಕೆಳಗೆ, 'ನಮ್ಮ ಮನೆಯವರು ಯಾವಾಗಲೂ ಹೀಗೆಯೇ, ಎಂತದೂ ಕೆಲಸ ಇಲ್ಲ ಮಾರಾಟ.' ಎಲ್ಲದರ ಬುಡದಲ್ಲೂ ಆ ಹಾಳು ತಳ್ಳುಗಾಡಿ, ಅದು ಅಂಗಡಿಯವರ ಖರೀದಿಯ ಗುರುತಂತೆ. ಗಂಡನಿಗೂ ಒಬ್ಬ ರೇಟು ಕೇಳಿದ್ದ. ಅದಕ್ಕೂ ನಾನು ಹತ್ತಕ್ಕೆ ಹತ್ತು ಎಂದಿದ್ದೆ.

ಸರಿಮಾಡುತ್ತೇನೆ ಎಂದು ಅಲ್ಲಿಯೇ ಬಸ್ಸಿನಲ್ಲಿ ಕೂತೆ. ಗಾಬರಿಯಲ್ಲಿ ಪುನಃ ಬಾಯಲ್ಲೇ ಹೇಳಿದೆ: "ಈ ಬಸ್ಸು ಮಾರಾಟಕ್ಕಿಲ್ಲ ಮಾರಾಯ." ಅದು ಬರೆಯಿತು: 'ಈ ಬಸ್ಸು ಮಾರಾಟಕ್ಕಿಲ್ಲ ಮಾರಾಟ.' ಫೋನನ್ನು ಕಿಟಕಿಯಿಂದ ಹೊರಗೆ ಎಸೆಯುವ ಮನಸ್ಸಾಯಿತು. ಲ್ಯಾಬಿಗೆ ಹೋಗಿ ಬೆರಳಿನಲ್ಲೇ ಒತ್ತಿ ಒತ್ತಿ, ಕೊನೆಗೆ ಇಡೀ ಫೋಟೋವನ್ನೇ ಅಳಿಸಿದೆ. ಅಳಿಸಿದ ಕೂಡಲೇ ವೆಬ್‌ಸೈಟಿನಿಂದ ಒಂದು ಸಂದೇಶ ಬಂತು: 'ಅಭಿನಂದನೆಗಳು! ನಿಮ್ಮ ವಸ್ತು ಮಾರಾಟವಾಗಿದೆಯೇ?'

ಅಳಿಸಿ ಪ್ರಯೋಜನ ಆಗಲಿಲ್ಲ. ಅಷ್ಟರಲ್ಲಿ ಆ ಫೋಟೋವನ್ನು ಯಾರೋ ತೆಗೆದು ಹಳೆ ವಾಹನದವರ ವಾಟ್ಸಾಪ್ ಗುಂಪಿಗೆ ಹಾಕಿ, ಅಲ್ಲಿಂದ ಅದು ಹತ್ತು ಕಡೆ ಹೋಗಿ, ಫೋನು ಬರುತ್ತಲೇ ಇತ್ತು. ಕನ್ಯಾನದಿಂದ ಒಬ್ಬ ಕೋಳಿ ಸಾಗಿಸಲಿಕ್ಕೆ ಬೇಕು ಎಂದ. ಬೆಳ್ತಂಗಡಿಯ ಒಬ್ಬನಿಗೆ ಬಸ್ಸಿನ ಒಳಗೆ ಹೋಟೆಲು ಮಾಡಬೇಕಿತ್ತು, ಸ್ಟೇರಿಂಗಿನ ಜಾಗದಲ್ಲಿ ಕ್ಯಾಶ್ ಕೌಂಟರು. ಮತ್ತೊಬ್ಬ ಅರ್ಧ ಬಸ್ಸು ಸಿಗ್ತದಾ ಎಂದು ಕೇಳಿದ. ಯಾವ ಅರ್ಧ ಎಂದು ಧಣಿ ಸಿಟ್ಟಿನಲ್ಲಿ ಕೇಳಿದ್ದಕ್ಕೆ ಅವನು ನಿಜವಾಗಿಯೂ ಯೋಚನೆ ಮಾಡಿ, ಹಿಂದಿನದ್ದು ಎಂದ.

ಬಸ್ಸಿನಲ್ಲಿ ನನ್ನ ಸ್ಥಿತಿ ಕೇಳುವುದೇ ಬೇಡ. ಬೆಳಗ್ಗೆ ಹತ್ತುವ ಹೆಂಗಸರು, "ನಮ್ಮನ್ನು ಒಂದು ಮಾತು ಕೇಳದೆ ಮಾರಿದಿರಲ್ಲ" ಎಂದು ನನಗೇ ಜೋರು ಮಾಡಿದರು. ನಾನು ಯಾರು ಮಾರಲಿಕ್ಕೆ? ಕಂಡಕ್ಟರು ಈ ಬಸ್ಸಿನ ಬಾಗಿಲಲ್ಲೇ ನೇತಾಡಿ ಗಡ್ಡ ಬೆಳ್ಳಗೆ ಮಾಡಿಕೊಂಡವನು. ಅವನು ನನಗೆ ಟಿಕೇಟು ಕೊಡುವಾಗ ಮುಖವನ್ನು ಆಚೆ ತಿರುಗಿಸುತ್ತಿದ್ದ, ಚಿಲ್ಲರೆಯನ್ನು ಕೈಗೆ ಕೊಡದೆ ಸೀಟಿನ ಮೇಲೆ ಇಡುತ್ತಿದ್ದ. ಒಮ್ಮೆ ಹಿಡಿದು ನಿಲ್ಲಿಸಿ, "ನಾನು ಮಾಡಿದ್ದಲ್ಲ, ಫೋನು ಮಾಡಿದ್ದು" ಎಂದೆ. "ಫೋನು ಯಾರದ್ದು?" ಎಂದ. ಇವನಿಗೆ ಇಷ್ಟು ಬುದ್ಧಿ ಯಾವಾಗ ಬಂತು ಎಂದು ನನಗೆ ಸಿಟ್ಟು ಬಂತು.

ಆದರೆ ನಾನು ಒಂದು ಸಂಗತಿ ಗಮನಿಸಿದೆ. ಕಿವಿ ಕೊಟ್ಟು ಕೇಳುವ ಕೆಟ್ಟ ಬುದ್ಧಿ ನನಗುಂಟು, ಮತ್ತು ನನ್ನ ಸೀಟು ಡ್ರೈವರಿನ ಹಿಂದೆಯೇ. ಮೊದಮೊದಲು ಫೋನು ಬಂದರೆ ಧಣಿ ಬೊಬ್ಬೆ ಹೊಡೆಯುತ್ತಿದ್ದರು. ಕೆಲವು ದಿನ ಕಳೆದ ಮೇಲೆ, "ಮಾರಲಿಕ್ಕಿಲ್ಲ, ನಿಮಗೆ ಎಂತಕ್ಕೆ ಬೇಕಿತ್ತು?" ಎಂದು ಕೇಳಲು ಸುರು ಮಾಡಿದರು. ಮತ್ತೆ ಕೆಲವು ದಿನಕ್ಕೆ, "ಮಾರಲಿಕ್ಕಿಲ್ಲ. ಎಂಜಿನ್ನಾ? ಎಂಜಿನ್ ಒಳ್ಳೆಯದುಂಟು. ಮೊನ್ನೆ ಗೇರ್‌ಬಾಕ್ಸ್ ಬಿಚ್ಚಿ ನೋಡಿದ್ದೇನೆ" ಎಂದು ವಿವರ ಕೊಡುತ್ತಿದ್ದರು. ಹೊಗಳಿಕೆ ಕೇಳುವಾಗ ಅವರ ಕುತ್ತಿಗೆ ನೆಟ್ಟಗಾಗುತ್ತಿತ್ತು. ಇಷ್ಟು ವರ್ಷ ಆ ಬಸ್ಸಿನ ಬಗ್ಗೆ ಅವರಿಗೆ ಬಂದ ಫೋನೆಲ್ಲ ದೂರಿನದ್ದೇ. ಯಾರೂ ಅದನ್ನು ಬೇಕು ಎಂದು ಕೇಳಿದ್ದಿಲ್ಲ.

ಧಣಿಯ ಮೊಣಕಾಲು ನೋವಿನ ವಿಷಯವೂ ನನಗೆ ಗೊತ್ತಿತ್ತು. ರಕ್ತ ಪರೀಕ್ಷೆಗೆ ಅವರು ನಮ್ಮ ಲ್ಯಾಬಿಗೇ ಬರುವುದು. ಇಳಿಜಾರಿನಲ್ಲಿ ಕ್ಲಚ್ ಒತ್ತುವಾಗ ಅವರ ಬಾಯಿಂದ ಒಂದು ಸಣ್ಣ ಸ್ವರ ಹೊರಡುತ್ತಿತ್ತು. ಹಿಂದಿನವರಿಗೆ ಕೇಳುತ್ತಿರಲಿಲ್ಲ, ನನಗೆ ಕೇಳುತ್ತಿತ್ತು. ಕೇಳಿಯೂ ನಾನು ಅದನ್ನು ತಲೆಗೆ ಹಾಕಿಕೊಂಡಿರಲಿಲ್ಲ. ಬಸ್ಸು ನಡೆಯುತ್ತಿತ್ತಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಬಸ್ಸನ್ನೇ ತಂದಿದ್ದರು, ನಮ್ಮ ಗೇಟಿನ ಎದುರು ನಿಲ್ಲಿಸಿ. ತೊಳೆದು ಒರಸಿದ್ದರು. ತಾವೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಜಗಲಿಯಲ್ಲಿ ಕೂತು, ನೀರು ಕುಡಿದು, ಸಿಟ್ಟು ಒಂದಿಷ್ಟೂ ಇಲ್ಲದೆ ಕನ್ನಡದಲ್ಲಿ ಹೇಳಿದರು: "ಮಾರುವುದೆಂದು ತೀರ್ಮಾನಿಸಿದ್ದೇನೆ."

ನನ್ನ ಗಂಡ ಒಳಗಿನಿಂದ ಇನ್ನೊಂದು ಲೋಟ ತರುತ್ತಿದ್ದವರು ಬಾಗಿಲಲ್ಲೇ ನಿಂತರು.

"ನನ್ನಿಂದ ಆಯಿತು ಇದೆಲ್ಲ" ಎಂದೆ.

"ನಿಮ್ಮಿಂದ ಎಂತ ಆಗ್ತದೆ?" ಎಂದರು, ಈಗ ತುಳುವಿನಲ್ಲಿ. "ಮೊದಲ ಸಲ ಕೇಳಿದಾಗ ಸಿಟ್ಟು ಬಂತು. ಕೇಳಿ ಕೇಳಿ ಯೋಚನೆ ಬಂತು. ನನ್ನ ಕಾಲು ನಿಂತ ದಿವಸ ಅದು ಶೆಡ್ಡಿನಲ್ಲಿ ಕೂತು ತುಕ್ಕು ಹಿಡಿಯುವುದು ಬೇಡ. ಓಡಿಸುವವನ ಕೈಗೇ ಹೋಗಲಿ. ಕೋಳಿಗೂ ಇಲ್ಲ, ಹೋಟೆಲಿಗೂ ಇಲ್ಲ. ಜನ ಕೂರಬೇಕು, ಅಷ್ಟೇ ನನ್ನ ಷರತ್ತು." ಗೇಟಿನ ಆಚೆ ನಿಂತ ಬಸ್ಸನ್ನು ನೋಡಿ, "ಮೊದಲಿನ ಫೋಟೋ ಹಿಂದಿನಿಂದ ಇತ್ತು. ಈಗ ಎದುರಿನಿಂದ ಒಂದು ಒಳ್ಳೆಯದು ತೆಗೆದು ಹಾಕುವ. ಗುಜರಿಯವನು ಬರಬಾರದು, ಹಾಗೆ ಕಾಣಬೇಕು" ಎಂದರು.

ನಾನು ಕ್ಯಾಮೆರಾ ತಂದೆ. ಗಂಡ ಛತ್ರಿ ಹಿಡಿದು ಬಿಸಿಲು ತಡೆದರು. ಧಣಿ ಬಾಗಿಲಿನ ಪಕ್ಕ, ಬಸ್ಸಿಗೆ ಒಂದು ಕೈ ಊರಿ ನಿಂತರು. ಸ್ವಲ್ಪ ಈಚೆ ಬನ್ನಿ ಎನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ. ಹಾಗೆಯೇ ತೆಗೆದೆ.

ಜಗಲಿಯಲ್ಲಿ ಟ್ಯಾಬ್ ತೊಡೆಯ ಮೇಲಿಟ್ಟು ಚಂದ ಮಾಡಲು ಕೂತೆ. ಆ ತಿಂಗಳು ಸಾಫ್ಟ್‌ವೇರ್ ತನ್ನಷ್ಟಕ್ಕೆ ಹೊಸತಾಗಿತ್ತು, ನಾನು ಕೇಳಿದ್ದಲ್ಲ. ಫೋಟೋ ತೆರೆದದ್ದೇ ಒಂದು ಪೆಟ್ಟಿಗೆ ಬಂತು: 'ಚಿತ್ರದ ಅಂದ ಕೆಡಿಸುವ ವಸ್ತುಗಳು ಕಂಡುಬಂದಿವೆ. ತೆಗೆಯಬೇಕೇ?' ಕೆಂಪು ಗೆರೆಯಲ್ಲಿ ಉರುಟು ಉರುಟು ಹಾಕಿ ತೋರಿಸಿತ್ತು. ತಂತಿಯ ಮೇಲಿನ ಕಾಗೆಗೆ ಒಂದು. ಗೇಟಿನ ಹತ್ತಿರ ಬಿದ್ದ ಪ್ಲಾಸ್ಟಿಕ್ಕಿಗೆ ಒಂದು. ಬಾಗಿಲಿನ ಪಕ್ಕ ನಿಂತ ಮನುಷ್ಯನಿಗೆ ಒಂದು.

ನಾನು ಟ್ಯಾಬನ್ನು ಆಚೆ ಓರೆ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಎಂತ ಹೇಳ್ತದೆ ಅದು?"

"ಕಾಗೆಯನ್ನು ತೆಗೆಯಲಾ ಅಂತ ಕೇಳ್ತದೆ."

"ನನಗೂ ಒಂದು ಉರುಟು ಉಂಟಲ್ಲ."

"ಅದಕ್ಕೆ ಮಂಡೆ ಸಮ ಇಲ್ಲ, ನೀವು ನೋಡಬೇಡಿ!" ಎಂದೆ. ಟ್ಯಾಬಿನ ಮೇಲೆ, ಅದನ್ನು ಮಾಡಿದವರ ಮೇಲೆ, ಲೋಕದ ಎಲ್ಲ ಚಾಲಾಕಿ ಯಂತ್ರಗಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೇಡ ಎಂದು ಒತ್ತಲು ಹೋದೆ.

ಅವರು ನನ್ನ ಕೈಯನ್ನು ಮೆಲ್ಲ ಸರಿಸಿದರು. "ಅದು ಹೇಳುವುದು ಸರಿಯೇ. ತೆಗೆದುಕೊಳ್ಳುವವನಿಗೆ ಬೇಕಾದದ್ದು ಬಸ್ಸು. ನಾನು ಎಂತಕ್ಕೆ?" ಎಂದು ತಮ್ಮ ದಪ್ಪ ಬೆರಳನ್ನು ತಮ್ಮ ಉರುಟಿನ ಮೇಲೆಯೇ ಇಟ್ಟು ಒತ್ತಿದರು.

ಅವರು ಹೋದರು. ಅಂಗಿ ಹೋಯಿತು, ಚಪ್ಪಲಿ ಹೋಯಿತು, ನೆಲದ ಮೇಲಿನ ನೆರಳೂ ಹೋಯಿತು. ಆ ಜಾಗದಲ್ಲಿ ಸಾಫ್ಟ್‌ವೇರ್ ಚೊಕ್ಕ ನೀಲಿ ಬಣ್ಣ ತುಂಬಿತು, ಬಸ್ಸಿನ ಮೈಮೇಲೆ ಒಂದು ಗೀರೂ ಇರಲಿಲ್ಲ. ನನಗೆ ಅಳು ಬಂತು, ಒಳಗೆ ಹೋಗಿ ಮುಖ ತೊಳೆದು ಬಂದೆ. ಅವರು ಟ್ಯಾಬನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಲೇ ಇದ್ದರು. "ಈಗ ಹೊಸತರ ಹಾಗೆ ಕಾಣ್ತದೆ" ಎಂದರು. ನಿಜವಾಗಿಯೂ ಖುಷಿಯಾಗಿಯೇ ಹೇಳಿದರು, ಅದೇ ನನಗೆ ತಡೆಯಲಾಗಲಿಲ್ಲ.

ಕೆಳಗೆ ಧಣಿಯ ನಂಬರನ್ನು ಬೆರಳಿನಲ್ಲೇ ಒತ್ತಿ ಹಾಕಿದೆ. ಆ ಫೋಟೋಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಬಂಟ್ವಾಳದ ಆಚೆ ಎರಡು ಬಸ್ಸು ಓಡಿಸುವ ಒಬ್ಬ ಯುವಕ ಫೋನಿನಲ್ಲೇ ಮಾತು ಮುಗಿಸಿದ. ಜನ ಕೂರಿಸುತ್ತೇನೆ, ಕಂಡಕ್ಟರನ್ನೂ ಇಟ್ಟುಕೊಳ್ಳುತ್ತೇನೆ ಎಂದು ಒಪ್ಪಿದ. ಒಯ್ಯಲು ಬಂದ ದಿನ ನಾನು ಲ್ಯಾಬಿಗೆ ರಜೆ ಹಾಕಿ ವೇಣೂರಿನ ಸ್ಟಾಪಿನಲ್ಲಿ ನಿಂತಿದ್ದೆ. ಬೆಳಗ್ಗಿನ ಹೆಂಗಸರೂ ಇದ್ದರು. ಕಂಡಕ್ಟರು ನನ್ನ ಪಕ್ಕ ಬಂದು ನಿಂತ, ಮುಖ ಆಚೆ ತಿರುಗಿಸಲಿಲ್ಲ.

ಯುವಕ ಕಾರಿನಿಂದ ಇಳಿದು ಕೈಯಲ್ಲಿದ್ದ ಫೋನನ್ನೂ ಬಸ್ಸನ್ನೂ ಒಮ್ಮೆ ಹೋಲಿಸಿ ನೋಡಿದ. ಟಯರಿಗೆ ಒದ್ದ, ಬಾನೆಟ್ ಎತ್ತಿಸಿದ, ತೃಪ್ತಿಯಾಯಿತು. ಧಣಿ ಬಾಗಿಲಿನ ಪಕ್ಕ, ಬಸ್ಸಿಗೆ ಒಂದು ಕೈ ಊರಿ ನಿಂತಿದ್ದರು. ಅವನು ಅವರ ಹತ್ತಿರವೇ ಬಂದು, ಅವರ ಹೆಗಲಿನ ಮೇಲಿಂದ ಆಚೆ ಈಚೆ ಹುಡುಕುತ್ತಾ ಕೇಳಿದ: "ಇದರ ಧಣಿ ಎಲ್ಲಿದ್ದಾರೆ?"

ನಾನು ಬಾಯಿ ತೆರೆದೆ. ಅವರು ಬೇಡ ಎನ್ನುವ ಹಾಗೆ ನನ್ನನ್ನು ನೋಡಿದರು. ಕೈಯನ್ನು ಬಸ್ಸಿನಿಂದ ತೆಗೆದು, ಕೀಲಿಕೈಯನ್ನು ಅಂಗಿಗೆ ಒರಸಿ ಅವನ ಅಂಗೈಯಲ್ಲಿಟ್ಟರು.

"ನೀವೇ ಅಲ್ವಾ" ಎಂದರು.